ನಲ್ಲೀಲಿ ಪೆಟ್ರೋಲ್ ವಾಸನೆ: ಎರಡನೇ ಅಡ್ಡರಸ್ತೆ ಗುಂಪು

ಮನೆ 14 (ರಾತ್ರಿ 1:50): ಇನ್ನು ಸಹಿಸೋಕಾಗಲ್ಲ! ನಲ್ಲಿ ತಿರುಗಿಸಿದರೆ ಬಚ್ಚಲೆಲ್ಲ ಪೆಟ್ರೋಲ್ ನಾತ. ಬಕೆಟ್ ನೀರಿನ ಮೇಲೆ ಬಣ್ಣಬಣ್ಣದ ಪೊರೆ. ಮಕ್ಕಳಿಗೆ ಇದನ್ನೇ ಕುಡಿಸಬೇಕಾ?

ಮನೆ 22: ನಾನು ಹೋದ ಮಳೆಗಾಲದಲ್ಲೇ ಹೇಳಿದ್ದೆ, ಬಂಕಿನವರ ನೆಲದಡಿ ಟ್ಯಾಂಕ್ ಸೋರ್ತಿದೆ ಅಂತ. ಯಾರು ಕೇಳಿದ್ರಿ?

ಮನೆ 5: ಸರ್, ನಿಮ್ಮ ಜನರೇಟರ್ ಡೀಸೆಲ್ ಡ್ರಮ್ ಸಂಪಿನ ಪಕ್ಕದಲ್ಲೇ ಇದೆಯಲ್ಲ?

ಮನೆ 22: ಡ್ರಮ್ ವಿಷಯ ಎತ್ತಬೇಡಿ. ಬಂಕೇ ಕಾರಣ. ಪೊರೆ ಮನೆ 14ರವರ ಪೈಪಿನ ತುಕ್ಕಿಂದೂ ಇರಬಹುದು.

ಮನೆ 9: ಪೊರೆಗೆ ಕಡ್ಡಿ ತಾಗಿಸಿ ನೋಡಿ ಮೇಡಂ. ಚೂರುಚೂರಾಗಿ ಒಡೆದರೆ ಕಬ್ಬಿಣದ ಬ್ಯಾಕ್ಟೀರಿಯಾದ್ದು. ಸರಿದು ಮತ್ತೆ ಕೂಡಿಕೊಂಡರೆ ಎಣ್ಣೆ.

ಮನೆ 14: ಕೂಡಿಕೊಳ್ತಿದೆ.

ಮನೆ 9: ಹಾಗಾದ್ರೆ ಕುಡಿಯೋದು, ಅಡುಗೆ ಎರಡೂ ನಿಲ್ಲಿಸಿ. ಬಿಸಿನೀರಿನ ಸ್ನಾನವೂ ಬೇಡ, ಆವಿ ಉಸಿರಿಗೆ ಹೋಗುತ್ತೆ. ಬೆಳಗ್ಗೆ ಮೊದಲ ನೀರಲ್ಲಿ ಮಾತ್ರ ವಾಸನೆ ಇದ್ದು, ಐದು ನಿಮಿಷ ಬಿಟ್ಟ ಮೇಲೆ ಹೋದರೆ ಪೈಪ್ ಮೇಲೆ ಅನುಮಾನ: ಮಣ್ಣಲ್ಲಿರೋ ಪೆಟ್ರೋಲ್ ಪಾಲಿಥಿನ್ ಪೈಪಿನ ಗೋಡೆ, ರಬ್ಬರ್ ವಾಷರ್ ದಾಟಿ ರಾತ್ರಿಯಿಡೀ ನಿಂತ ನೀರಿಗೆ ಇಳಿಯುತ್ತೆ. ಸಂಪಲ್ಲೂ ಇದ್ದರೆ ಮೂಲವೇ ಕೆಟ್ಟಿದೆ. ಸಂಪಿನೊಳಗೆ ಯಾರೂ ಇಳಿಯಬೇಡಿ, ಮೋಟಾರ್ ಹಾಕಬೇಡಿ, ಆವಿಗೆ ಕಿಡಿ ತಾಗೀತು.

ಮನೆ 31: ಫಾರ್ವರ್ಡ್: "ಟಿಡಿಎಸ್ 80 ಇದ್ದರೆ ನೀರು ಶುದ್ಧ. ಹತ್ತು ನಿಮಿಷ ಕುದಿಸಿ, ಎಲ್ಲರಿಗೂ ಕಳಿಸಿ 🙏"

ಮನೆ 9: ದಯವಿಟ್ಟು ಡಿಲೀಟ್ ಮಾಡಿ ಅಕ್ಕ. ಟಿಡಿಎಸ್ ಮೀಟರ್ ನೀರಲ್ಲಿ ಕರಗಿದ ಉಪ್ಪಿನಂಶ ತೋರಿಸುತ್ತೆ, ಪೆಟ್ರೋಲಲ್ಲಿರೋ ವಿಷ ಬೆಂಜೀನ್ ಅದಕ್ಕೆ ಕಾಣೋದೇ ಇಲ್ಲ. ಕುದಿಸಿದರೆ ಅದು ಅಡುಗೆಮನೆ ಗಾಳಿಗೆ ಸೇರುತ್ತೆ. ಯುವಿ ದೀಪವೂ ಏನೂ ಮಾಡಲ್ಲ. ಇದ್ದಿಲಿನ ಫಿಲ್ಟರ್ ಹಿಡಿಯುತ್ತೆ, ಆದರೆ ತುಂಬಿದ ಮೇಲೆ ಹಾಗೇ ಬಿಟ್ಟುಬಿಡುತ್ತೆ. ಬೆಂಜೀನ್ ರಕ್ತದ ಕ್ಯಾನ್ಸರ್ ತರುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 0.01 ಮಿ.ಗ್ರಾಂ. ಅದರ ನೂರಾರು ಪಟ್ಟು ಆಗೋವರೆಗೂ ಬೆಂಜೀನ್ ಮೂಗಿಗೆ ಗೊತ್ತಾಗಲ್ಲ. ವಾಸನೆ ಹೋಯ್ತು ಅಂತ ಕುಡಿಯಬೇಡಿ.

ಮನೆ 5: ಪರೀಕ್ಷೆಗೆ ಪ್ಲಾಸ್ಟಿಕ್ ಬಾಟಲಿ ಸಾಕಾ?

ಮನೆ 9: ಖಂಡಿತ ಬೇಡ. ಲ್ಯಾಬ್ ಕೊಡೋ 40 ಮಿ.ಲೀ. ಗಾಜಿನ ಸೀಸೆ, ಟೆಫ್ಲಾನ್ ಪದರದ ಮುಚ್ಚಳ. ನಲ್ಲಿಯ ಜಾಲರಿ ಬಿಚ್ಚಿ, ಸಣ್ಣ ಧಾರೇಲಿ ಸೀಸೆ ಗೋಡೆಗುಂಟ ತುಂಬಿ. ಮಾದರಿ ಕೆಡದಿರಲಿ ಅಂತ ಲ್ಯಾಬ್‌ನವರು ಒಳಗೆ ಹಾಕಿರೋ ಆ್ಯಸಿಡ್ ಚೆಲ್ಲಬಾರದು. ನೀರು ಬಾಯಿಗಿಂತ ಉಬ್ಬಿ ನಿಂತಾಗ ಮುಚ್ಚಿ, ತಲೆಕೆಳಗು ಮಾಡಿ ತಟ್ಟಿ. ಗುಳ್ಳೆ ಕಂಡರೆ ಬೇರೆ ಸೀಸೆ ತಗೊಳ್ಳಿ. ಬೆಂಜೀನ್ ಗುಳ್ಳೆಗೆ ಹಾರಿ ವರದಿ ಸುಳ್ಳಾಗುತ್ತೆ. ಐಸಲ್ಲಿಡಿ. ಮೊದಲ ನೀರಿಂದು ಒಂದು ಜೊತೆ, ಐದು ನಿಮಿಷದ ಮೇಲಿಂದು ಒಂದು ಜೊತೆ. ಬೆಳಗ್ಗೆ 5:30ಕ್ಕೆ ಇಬ್ಬರು ಬೇಕು, ಯಾರು ಬರ್ತೀರಿ?

ಮನೆ 22: ಮೊದಲು ಬಂಕಿನ ಮುಂದೆ ಧರಣಿ. ಪರೀಕ್ಷೆ ಆಮೇಲೆ.

ಮನೆ 5: ಮೊದಲು ಡ್ರಮ್ ಸರಿಸಿ.

ಮನೆ 14: ಜಗಳ ಬಿಡಿ, ಅಲ್ಲೀವರೆಗೆ ಟ್ಯಾಂಕರ್ ತರಿಸೋಣ.

ಮನೆ 31: ಟ್ಯಾಂಕರ್ ಹೇಗೆ ತಿರುಗುತ್ತೆ? ತಿರುವಲ್ಲಿ ಬಿಳಿ ಕಾರು ಮೂರು ವಾರದಿಂದ ನಿಂತಿದೆ.

ಮನೆ 22: ಹೌದು, ಯಾರದ್ದದು? ಪಾರ್ಕಿಂಗ್ ಪಟ್ಟಿ ಇವತ್ತೇ ಆಗಬೇಕು. ಎಲ್ಲರೂ ಗಾಡಿ ನಂಬರ್ ಹಾಕಿ.

ಮನೆ 9: ಸೀಸೆಗಳು ನಮ್ಮ ಗೇಟಿನ ಒಳಗೆ ಐಸ್ ಡಬ್ಬೀಲಿವೆ. 5:30ಕ್ಕೆ ಇಬ್ಬರು ಬೇಕು.

ಮನೆ 5: ನಮ್ಮದು ಎರಡು ಗಾಡಿ, ನಂಬರ್ ಆಮೇಲೆ ಹಾಕ್ತೀನಿ.