ಯಾರೂ ಕರೆಯದ ಫಂಕ್ಷನ್

ಸೀನನ ತಲೆಗೆ ಹನ್ನೆರಡು ಲಕ್ಷ ಸಾಲಿನ ಹಳೇ ಸಿ ಕೋಡ್ ಕಟ್ಟಿ ಎರಡು ವಾರ ಆಗಿತ್ತು. ಮುಖ ನೋಡಿದರೆ ಎರಡು ವರ್ಷ ಆದಹಾಗಿತ್ತು.

"ಗ್ರೆಪ್ ಹಾಕಿದೆ ಕಣೋ. 'ಅಪ್‌ಡೇಟ್' ಅಂತ ಹುಡುಕಿದ್ರೆ ಒಂಬತ್ತು ಸಾವಿರ ಸಾಲು ಬಂತು. ಅರ್ಧಕ್ಕರ್ಧ ಕಾಮೆಂಟು, ಯಂತ್ರ ಓದದ ಟಿಪ್ಪಣಿ."

"ಅದರ ತಪ್ಪೇನು ಪಾಪ?" ಅಂದೆ. "1973ರಲ್ಲಿ ಕೆನ್ ಥಾಂಪ್ಸನ್ ಅದನ್ನ ಬರೆದದ್ದೇ ಅಕ್ಷರ ಹುಡುಕೋಕೆ. ಅದಕ್ಕೆ ಕೆಲಸ ಮಾಡೋ ಫಂಕ್ಷನ್ನೂ ಒಂದೇ, ಕಾಮೆಂಟಿನಲ್ಲಿರೋ ಬೈಗುಳವೂ ಒಂದೇ."

"ಸಿಸ್ಕೋಪ್ ಹಾಕೋದಲ್ವೇನೋ?" ಅಂದಳು ಮಂಜುಳಾ. "ಬೆಲ್ ಲ್ಯಾಬ್ಸ್‌ನಲ್ಲಿ ಪಿಡಿಪಿ-11 ಕಂಪ್ಯೂಟರ್ ಕಾಲದಲ್ಲಿ ಹುಟ್ಟಿದ್ದು. ಈ ಫಂಕ್ಷನ್ನನ್ನ ಯಾರ್ಯಾರು ಕರೀತಾರೆ ಅಂತ ನೇರವಾಗಿ ಕೇಳಬಹುದು."

"ಒಂದು ಫಂಕ್ಷನ್ ಬಗ್ಗೆ ಕೇಳಿದೆ. ಕರೆಯೋರು ಯಾರೂ ಇಲ್ಲ ಅಂತು. ಅನಾಥ ಶವ ಅಂದ್ಕೊಂಡು ಅಳಿಸಿಬಿಟ್ಟೆ."

ಇಬ್ಬರೂ ಅವನ ಮುಖ ನೋಡಿದೆವು.

"ಕಂಪೈಲ್ ಆಯ್ತು! ಟೆಸ್ಟೂ ಪಾಸಾಯ್ತು! ತಿಂಗಳ ಕೊನೇ ದಿನ ಮಕಾಡೆ ಮಲಗ್ತು. ಯಾವನೋ ಪುಣ್ಯಾತ್ಮ ಫಂಕ್ಷನ್ನಿನ ಅರ್ಧ ಹೆಸರು ಕೋಡಲ್ಲಿಟ್ಟು, ಇನ್ನರ್ಧ ಕಾನ್ಫಿಗ್ ಫೈಲಿಂದ ತಂದು, ಓಡುವಾಗ ಎರಡನ್ನೂ ಅಂಟಿಸಿ, ಹೆಸರು ಕೊಟ್ರೆ ಫಂಕ್ಷನ್ ಹುಡುಕಿಕೊಡೋ ಡಿಎಲ್‌ಸಿಮ್‌ಗೆ ಕೊಟ್ಟಿದ್ದ. ಪೂರ್ತಿ ಹೆಸರು ಇಡೀ ಕೋಡಲ್ಲಿ ಇದ್ದದ್ದು ಒಂದೇ ಕಡೆ. ನಾನು ಅಳಿಸಿದ ಜಾಗದಲ್ಲಿ."

ಕರೆಯುವವನೇ ಹೆಸರನ್ನ ಬಚ್ಚಿಟ್ಟರೆ ಯಾವ ಟೂಲ್ ತಾನೇ ಏನು ಮಾಡೀತು?

"ಕೋಡಿನ ಕವಲುದಾರಿ ಎಣಿಸಿದ್ರೆ ಸಂಕೀರ್ಣತೆ ಎಷ್ಟು ಬಂತೋ?" ಮಂಜುಳಾ ಕೆದಕಿದಳು. "ಆ ಅಳತೆ ತಂದ ಮೆಕೇಬ್ 1976ರಲ್ಲೇ 10 ದಾಟಬೇಡಿ ಅಂದಿದ್ದ."

"ಅಂಟಿಸೋ ಫಂಕ್ಷನ್ನಿಗೆ 214."

"ಅದು ಬಿಪಿ ಕಣೋ."

"ಬರೆದವನ್ಯಾರು ನೋಡೋಣ ಅಂತ, ಪ್ರತಿ ಸಾಲನ್ನ ಕೊನೇಗೆ ಮುಟ್ಟಿದವರ ಹೆಸರು ಹೇಳೋ ಗಿಟ್ ಬ್ಲೇಮ್ ಹಾಕಿದ್ರೆ, ಎಲ್ಲಾ ಸಾಲಿಗೂ ಒಬ್ಬನೇ ಟ್ರೈನಿ. ಆ ಹುಡುಗ ಫಾರ್ಮ್ಯಾಟರ್ ಓಡಿಸಿ ಆವರಣ ಸರಿಸಿದ್ದನಷ್ಟೆ."

"ಆ ಕಮಿಟ್, ಅಂದ್ರೆ ಅವನು ಸೇರಿಸಿದ ಬದಲಾವಣೆ, ಬಿಟ್ಟು ನೋಡು ಅನ್ನೋಕೆ 'ಇಗ್ನೋರ್ ರೆವ್' ಇದ್ಯಲ್ಲೋ," ಅಂದೆ. "ಗಿಟ್ 2.23, 2019ರಲ್ಲೇ ಬಂತು."

"ಅದನ್ನೂ ಹಾಕಿದೆ. ಹುಡುಗ ಪಾರಾದ. ಅವನ ಹಿಂದೆ ಇನ್ನೊಬ್ಬರು ಕಂಡ್ರು. ಹನ್ನೆರಡು ಲಕ್ಷ ಸಾಲನ್ನ ಒಂದೇ ದಿನ, ಒಂದೇ ಕಮಿಟ್‌ನಲ್ಲಿ ಬರೆದಿದಾರೆ! ಎಂಥಾ ಮಹಾನುಭಾವರು!"

ಮಂಜುಳಾ ಅವನ ಲ್ಯಾಪ್‌ಟಾಪ್ ತನ್ನತ್ತ ತಿರುಗಿಸಿಕೊಂಡಳು. "ಲೋ ಸೀನ, ಇದು ಮನುಷ್ಯರ ಹೆಸರಲ್ಲ. ಮೊದಲು ಕೋಡ್ ಇಡ್ತಿದ್ದ ಹಳೇ ಎಸ್‌ವಿಎನ್‌ನಿಂದ ಗಿಟ್‌ಗೆ ಸಾಗಿಸಿದ ಸ್ಕ್ರಿಪ್ಟ್‌ದು ಈ ಅಕೌಂಟು."

ಸೀನ ಸ್ವಲ್ಪ ಹೊತ್ತು ಸುಮ್ಮನಿದ್ದ.

"ಎರಡು ದಿನದಿಂದ ಅವರಿಗೆ ಬಹಳ ಮರ್ಯಾದೆಯಿಂದ ಮೇಲ್ ಬರೀತಿದೀನಲ್ಲೇ."