ತುರ್ತು: ಸರ್ವರ್ ‘ಸೈಜಿಂಗ್’ಗೆ ಯಾವ ಪದ?

ಬದಿಯಡ್ಕದಿಂದ:
ನಮಸ್ಕಾರ. ಕಾಲೇಜೊಂದರ ವೈಫೈ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಹೋಗಬೇಕು. ಜಾಲದ ಮೇಲೆ ನಿಗಾ ಇಡುವ, ಯಾವ ಮೊಬೈಲ್ ಎಲ್ಲಿದೆಯೆಂದು ಪತ್ತೆ ಹಚ್ಚುವ ಸರ್ವರಿಗೆ ಎಷ್ಟು ಪ್ರೊಸೆಸರ್, ಮೆಮೊರಿ, ಡಿಸ್ಕ್ ಬೇಕೆಂದು ಮೊದಲೇ ಲೆಕ್ಕ ಹಾಕುವ ಅಧ್ಯಾಯವೊಂದಿದೆ. ಆಕ್ಸೆಸ್ ಪಾಯಿಂಟ್ (ವೈಫೈ ಸಿಗ್ನಲ್ ಕೊಡುವ ಪೆಟ್ಟಿಗೆ) ಎಷ್ಟು, ಅವಕ್ಕೆ ಸೇರುವ ಮೊಬೈಲ್-ಲ್ಯಾಪ್‌ಟಾಪ್ ಎಷ್ಟು, ಎಷ್ಟು ಹೊತ್ತಿಗೊಮ್ಮೆ ನೆಲೆ ದಾಖಲಾಗಬೇಕು, ಹಳೆಯ ದಾಖಲೆ ಎಷ್ಟು ದಿನ ಉಳಿಯಬೇಕು, ಇವನ್ನೆಲ್ಲ ನೋಡಿ ಹಾಕುವ ಲೆಕ್ಕ. ‘ಗಾತ್ರ ನಿರ್ಧಾರ’ ಎಂದರೆ ಪೆಟ್ಟಿಗೆಯ ಉದ್ದಗಲ ಎಂದುಕೊಂಡಾರು. ತಲೆಬರಹಕ್ಕೆ ಪದ ಬೇಕು.

ಕುಂಬಳೆಯಿಂದ:
‘ಅಳತೆ’. ಚರ್ಚೆಯೇ ಬೇಡ. ‘ಅಳೆ’ ಅಚ್ಚ ದ್ರಾವಿಡ ಧಾತು. ತಮಿಳು, ಮಲಯಾಳದಲ್ಲಿಯೂ ಇದೆ, ತುಳುವಿನ ‘ಅಳಪುನಿ’ಯೂ ಅದೇ. ಯಾರಾದರೂ ‘ಅಂದಾಜು’ ಎಂದು ಬರುವ ಮೊದಲೇ ಹೇಳುತ್ತೇನೆ, ಅದು ಫಾರ್ಸಿ. ನಿಮ್ಮ ‘ನಿಗಾ’ವೂ ಫಾರ್ಸಿಯೇ. ‘ಕಾವಲು’ ಇರುವಾಗ ಅದೇಕೆ?

ಮಂಜೇಶ್ವರದಿಂದ:
ಮಾಷ್ಟ್ರೇ, ಒಪ್ಪಲಾರೆ. ಕೊಯ್ಲಿನ ಮೊದಲು ತೋಟ ನೋಡಿ ಹೇಳುವುದು ಅಂದಾಜು, ಅಡಿಕೆ ತಕ್ಕಡಿಗೆ ಬಿದ್ದ ಮೇಲೆ ತೂಕ. ಸರ್ವರ್ ಇನ್ನೂ ಕೊಂಡೇ ಇಲ್ಲ, ಅಳೆಯುವುದೇನನ್ನು? ಇದೇ ಕೈಪಿಡಿಯಲ್ಲಿ ‘ಅಳತೆ’ಗೆ ಬೇರೆ ಕೆಲಸವಿದೆ. ಮೂರೋ ಹೆಚ್ಚೋ ಆಕ್ಸೆಸ್ ಪಾಯಿಂಟ್‌ಗಳು ಒಂದೇ ಮೊಬೈಲಿನ ಸಿಗ್ನಲ್ ಬಲವನ್ನು ಅಳೆದಾಗ ಅದರ ನೆಲೆ ತಿಳಿಯುತ್ತದೆ. ಎರಡಕ್ಕೂ ಒಂದೇ ಪದ ಹಾಕಿದರೆ ಓದುವವನ ಗತಿಯೇನು? ‘ಕಾವಲು’ ಕಳ್ಳನ ವಿರುದ್ಧ. ಆಕ್ಸೆಸ್ ಪಾಯಿಂಟ್ ಸತ್ತಿದೆಯೇ, ದಟ್ಟಣೆ ಎಲ್ಲಿ ಎಂದು ನೋಡುತ್ತಿರುವುದು ಕಾವಲಲ್ಲ.

ಕುಂಬಳೆಯಿಂದ:
ಎರವಲನ್ನು ಹೀಗೆ ಸಮರ್ಥಿಸುತ್ತಾ ಹೋದರೆ ಉಳಿಯುವುದೇನು? ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಈ ನೆಲದಲ್ಲಿ ಕನ್ನಡದ ಒಂದೊಂದು ಬೋರ್ಡಿಗೂ ಅರ್ಜಿ ಹಿಡಿದು ನಿಂತಿದ್ದೇವೆ. ಆ ಬೋರ್ಡಿನ ಮೇಲೆ ಫಾರ್ಸಿ ಬರೆಯಲೆಂದೇ?

ಮಂಜೇಶ್ವರದಿಂದ:
ಬೋರ್ಡಿನಲ್ಲಿ ಕನ್ನಡ ಬೇಕೆನ್ನುವ ಹೋರಾಟ ನನ್ನದೂ ಹೌದು. ಆದರೆ ‘ಅಂದಾಜು’ ನನ್ನ ಅಜ್ಜಿಯ ಬಾಯಲ್ಲಿದ್ದ ಮಾತು. ಅವರಿಗೆ ಕನ್ನಡ, ತುಳು ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. ಅದನ್ನು ಕನ್ನಡವಲ್ಲ ಎನ್ನಲು ನನ್ನಿಂದಾಗದು. ‘ಸರ್ವರ್’ ಬಗ್ಗೆ ನೀವು ಚಕಾರ ಎತ್ತಲಿಲ್ಲ. ನಿನ್ನೆ ಬಂದ ಇಂಗ್ಲಿಷ್‌ಗೆ ಮಾಫಿ, ತಲೆಮಾರುಗಳಿಂದ ಇರುವ ಮಾತಿಗೆ ಗಡೀಪಾರು ಎಂದರೆ ಯಾವ ನ್ಯಾಯ?

ಬದಿಯಡ್ಕದಿಂದ:
‘ಸರ್ವರ್ ಸಾಮರ್ಥ್ಯದ ಅಂದಾಜು’ ಎಂದು ಹಾಕಿದೆ. ‘ಅಳತೆ’ ಸಿಗ್ನಲ್ಲಿಗೆ. ಲೊಕೇಶನ್ ಟ್ರ್ಯಾಕಿಂಗಿಗೆ ‘ನೆಲೆ ಪತ್ತೆ’. ‘ತಾಣ’ ಎಂದರೆ ಜಾಲತಾಣದ ಜೊತೆ ಗೊಂದಲವಾದೀತೆಂದು ಬಿಟ್ಟೆ. ‘ನಿಗಾ’ ಹಾಗೇ ಇದೆ. ಕುಂಬಳೆಯ ಮಾಷ್ಟ್ರು ಬೇಸರಿಸಬಾರದು. ಪುಟ ಕಟ್ಟುವವರು ಎರಡನೇ ಸಲ ಫೋನ್ ಮಾಡಿದರು, ಕಳಿಸುತ್ತಿದ್ದೇನೆ.