ಫೋಟೊದ ಆಲ್ಟ್ ಟೆಕ್ಸ್ಟ್, ಟೈಟಲ್: ಎರಡಕ್ಕೂ ಒಂದೇ ಬರೆದರೆ ಸಾಕಾ?

ಪ್ರಶ್ನೆ (ಬದಿಯಡ್ಕದ ಸದಸ್ಯರು):
ನಮಸ್ಕಾರ ಸರ್. ನಮ್ಮೂರ ಹವ್ಯಾಸಿ ಯಕ್ಷಗಾನ ಸಂಘದ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಂದಿದೆ. ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರ್ ವರ್ಡ್‌ಪ್ರೆಸ್‌ನಲ್ಲಿ ಫೋಟೊ ಹಾಕುವಾಗ ಆಲ್ಟ್ ಟೆಕ್ಸ್ಟ್, ಟೈಟಲ್ ಅಂತ ಎರಡು ಖಾನೆ ಉಂಟಲ್ಲ, ಎರಡಕ್ಕೂ ಒಂದೇ ಬರೆದರೆ ಸಾಕಾ? ಎಲ್ಲ ಫೋಟೊಗೂ ‘ಯಕ್ಷಗಾನ ಕಾಸರಗೋಡು ತೆಂಕುತಿಟ್ಟು ಬಯಲಾಟ’ ಅಂತ ಹಾಕಿದರೆ ಗೂಗಲ್‌ನಲ್ಲಿ ಮೇಲೆ ಬರುತ್ತದೆ ಅಂತ ಗೆಳೆಯರೊಬ್ಬರು ಹೇಳುತ್ತಾರೆ. ಹೌದಾ?

ಉತ್ತರ (ವೆಬ್ ಡೆವಲಪರ್, ಕುಂಬಳೆ):
ಎರಡರ ಕೆಲಸವೇ ಬೇರೆ ಮಾಷ್ಟ್ರೇ. ಆಲ್ಟ್ ಇರುವುದು ಫೋಟೊ ಕಾಣದವರಿಗೆ. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನೇ ಓದಿ ಹೇಳುತ್ತದೆ. ನೆಟ್ ಸಿಗದೆ ಫೋಟೊ ತೆರೆಯದಿದ್ದರೆ ಆ ಜಾಗದಲ್ಲಿ ಕಾಣುವುದೂ ಅದೇ. ಇದು ಹೊಸತೇನಲ್ಲ, ವೆಬ್ ಪುಟ ಬರೆಯುವ ಭಾಷೆ ಎಚ್‌ಟಿಎಂಎಲ್‌ನ 1995ರ 2.0 ಆವೃತ್ತಿಯಲ್ಲೇ ಇತ್ತು.

ಟೈಟಲ್ ಅಂದರೆ ಮೌಸ್ ಇಟ್ಟಾಗ ಮೇಲೆ ಬರುವ ಸಣ್ಣ ಚೀಟಿ. ಫೋನಿನಲ್ಲಿ ಮೌಸ್ ಎಲ್ಲಿ? ಅಲ್ಲಿ ಅದು ಕಾಣುವುದೇ ಇಲ್ಲ ಅಂದುಕೊಳ್ಳಿ. ಹಳೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ಆಲ್ಟನ್ನೇ ಚೀಟಿಯ ಹಾಗೆ ತೋರಿಸುತ್ತಿತ್ತು, ಗೊಂದಲ ಶುರುವಾದದ್ದು ಅಲ್ಲಿಂದ. ವರ್ಡ್‌ಪ್ರೆಸ್ ಮೀಡಿಯಾ ಲೈಬ್ರರಿಯ ಟೈಟಲ್ ಖಾನೆ ಇನ್ನೂ ಬೇರೆ, ಅದು ಹೆಚ್ಚಾಗಿ ನಿಮಗೇ ಫೋಟೊ ಹುಡುಕಲಿಕ್ಕೆ. ನನ್ನನ್ನು ಕೇಳಿದರೆ ಟೈಟಲ್ ಬಿಟ್ಟುಬಿಡಿ. ಎಲ್ಲರಿಗೂ ಹೇಳಬೇಕಾದ ಮಾತಿದ್ದರೆ ಫೋಟೊದ ಕೆಳಗೆ ಅಡಿಬರಹವಾಗಿ ಹಾಕಿ. ವೇಷಧಾರಿಯ ಹೆಸರು, ಪ್ರಸಂಗ, ತಾರೀಕು ಎಲ್ಲ ಅಲ್ಲಿ ಬರಲಿ.

ಆಲ್ಟ್‌ನಲ್ಲಿ ಫೋಟೊದೊಳಗೆ ಇರುವುದನ್ನು ಬರೆಯಿರಿ. ‘ಯಕ್ಷಗಾನ’ ಅಂತ ಮಾತ್ರ ಬರೆದರೆ ಯಾರಿಗೆ ಎಂತ ತಿಳಿಯಿತು? ‘ಮುಖದ ತುಂಬ ಬಿಳಿ ಚುಕ್ಕೆಗಳ ಚಿಟ್ಟಿ ಇಟ್ಟ ಬಣ್ಣದ ವೇಷ, ಎರಡು ಕೈಯನ್ನೂ ಮೇಲೆತ್ತಿ ಅಬ್ಬರಿಸುತ್ತಿದೆ’ ಎಂದರೆ ವೇಷ ಎದುರಿಗೆ ಬಂತು, ಅಲ್ವಾ? ಒಂದು ವಾಕ್ಯ ಸಾಕು. ಪುಟದ ಅಂಚಿನ ಬಳ್ಳಿ, ಗೆರೆಯಂಥ ಅಲಂಕಾರಕ್ಕೆ ಆಲ್ಟ್ ಖಾಲಿ ಇರಲಿ, ಸ್ಕ್ರೀನ್ ರೀಡರ್ ಅದನ್ನು ದಾಟಿ ಹೋಗುತ್ತದೆ. ಆದರೆ ಕೋಡ್ ಕೈಯಲ್ಲಿ ಬರೆಯುವವರು ಆಲ್ಟನ್ನೇ ತೆಗೆದುಹಾಕಬೇಡಿ. ಆಗ ಕೆಲವು ರೀಡರ್‌ಗಳು ಫೈಲ್ ಹೆಸರು ಓದುತ್ತವೆ.

ಗೂಗಲ್ ಆಲ್ಟ್ ಓದುವುದು ಹೌದು. ಆದರೆ ಒಂದೇ ಪದಗಳನ್ನು ಎಲ್ಲ ಕಡೆ ತುರುಕಿದರೆ ಅದು ಸ್ಪ್ಯಾಮ್ ಅಂತ ಗೂಗಲೇ ಹೇಳುತ್ತದೆ.

ಪ್ರತಿಕ್ರಿಯೆ (ಕಾಸರಗೋಡಿನ ಸದಸ್ಯರು):
ನನಗೆ ಕಣ್ಣು ಕಾಣುವುದಿಲ್ಲ, ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಬಳಸುತ್ತೇನೆ. ಒಂದು ಮಾತು ಸೇರಿಸಲಾ? ಇದು ಚಿತ್ರ ಅಂತ ಎನ್‌ವಿಡಿಎ ತಾನೇ ಹೇಳುತ್ತದೆ. ಮತ್ತೆ ನೀವೂ ‘ಇದು ಚಿತ್ರ’ ಅಂತ ಶುರು ಮಾಡಬೇಡಿ. ಆಲ್ಟ್, ಅಡಿಬರಹ ಎರಡರಲ್ಲೂ ಅದದೇ ಇದ್ದರೆ ಎರಡೆರಡು ಸಲ ಕೇಳಬೇಕು, ತಲೆ ಚಿಟ್ಟು ಹಿಡಿಯುತ್ತದೆ.

ಪ್ರಶ್ನೆ (ಬದಿಯಡ್ಕದ ಸದಸ್ಯರು):
ಬಯಲಾಟದ ಆಮಂತ್ರಣ ಪತ್ರಿಕೆಯನ್ನು ಫೋಟೊ ಮಾಡಿ ಹಾಕುತ್ತೇವಲ್ಲ, ಅದನ್ನೆಲ್ಲ ಆಲ್ಟ್‌ಗೆ ತುಂಬಿಸಬೇಕಾ? ನಮ್ಮಲ್ಲಿ ಮಲಯಾಳಂ ಪುಟವೂ ಉಂಟು.

ಉತ್ತರ (ವೆಬ್ ಡೆವಲಪರ್, ಕುಂಬಳೆ):
ಬೇಡ ಮಾರಾಯ್ರೆ! ದಿನ, ಹೊತ್ತು, ಜಾಗ, ಪ್ರಸಂಗ, ಹಿಮ್ಮೇಳ, ಮುಮ್ಮೇಳ ಎಲ್ಲ ಪುಟದಲ್ಲೇ ಅಕ್ಷರವಾಗಿ ಟೈಪ್ ಮಾಡಿ. ಆಲ್ಟ್‌ಗೆ ‘ಆಮಂತ್ರಣ ಪತ್ರಿಕೆ, ವಿವರ ಕೆಳಗಿದೆ’ ಅಂದರೆ ಸಾಕು. ಟೈಪ್ ಮಾಡಿದ್ದು ಹುಡುಕಿದರೆ ಸಿಗುತ್ತದೆ, ಕಾಪಿ ಮಾಡಿ ವಾಟ್ಸಾಪಿಗೂ ಕಳಿಸಬಹುದು. ಫೋಟೊವೇ ಲಿಂಕ್ ಆಗಿದ್ದರೆ ಮಾತ್ರ ಒತ್ತಿದರೆ ಎಲ್ಲಿಗೆ ಹೋಗುತ್ತದೆ ಎಂದು ಬರೆಯಿರಿ: ‘ಮುಂದಿನ ಆಟಗಳ ಪಟ್ಟಿ’, ಹಾಗೆ.

ಮಲಯಾಳಂ ಪುಟಕ್ಕೆ ಮಲಯಾಳಂ ಆಲ್ಟ್, ಕನ್ನಡಕ್ಕೆ ಕನ್ನಡ. ಪುಟದ ಕೋಡಿನಲ್ಲಿ ಭಾಷೆ ಯಾವುದೆಂದು ಹೇಳುವ ಲ್ಯಾಂಗ್ (lang) ಎಂಬಲ್ಲಿ ಕನ್ನಡಕ್ಕೆ ‘ಕೆಎನ್’ (kn), ಮಲಯಾಳಕ್ಕೆ ‘ಎಂಎಲ್’ (ml) ಅಂತ ಇರಬೇಕು. ಎಷ್ಟೋ ಸೈಟ್‌ಗಳಲ್ಲಿ ಅದು ಸುಮ್ನೆ ಇಂಗ್ಲಿಷ್ ಅಂತಲೇ ಉಳಿದಿರುತ್ತದೆ. ಆಗ ಸ್ಕ್ರೀನ್ ರೀಡರ್ ಕನ್ನಡವನ್ನು ಇಂಗ್ಲಿಷ್ ದನಿಯಲ್ಲಿ ಓದಲು ಹೋಗಿ ಎಡವುತ್ತದೆ. ಹಳೆಯ ಫೋಟೊ ಜಾಸ್ತಿ ಇದ್ದರೆ ಮೊದಲು ಲಿಂಕ್ ಇರುವವು, ಆಮೇಲೆ ಮುಖಪುಟದವು. ಉಳಿದವನ್ನು ಪುರುಸೊತ್ತಿನಲ್ಲಿ ಮಾಡಿ.